ಶಾಂತರಸವೂ ಜಾನ್ ಕೇಜನ ಸಂಗೀತವೂ

ರಸಗಳು ಎಂಟೋ ಒಂಬತ್ತೋ ಎಂಬ ವಿವಾದವು ನಮ್ಮ ಅಲಂಕಾರಶಾಸ್ತ್ರದಲ್ಲಿ ಬಹು ಹಳೆಯದು. ಭರತನ ನಾಟ್ಯಶಾಸ್ತ್ರದ ಪ್ರಾಚೀನವಾದ ಪಾಠವು ಎಂಟನ್ನೇ ಹೇಳುವುದು. ಉದ್ಭಟನ ಕಾಲದಿಂದ ಈಚೆಗೆ ಶಾಂತವೆಂಬ ಒಂಬತ್ತನೆಯದು ಬಂದು ಪಂಕ್ತಿಯಲ್ಲಿ ಕುಳಿತಿತು. ಕುಳಿತ ಮೇಲೂ ಅದಕ್ಕೆ ನೆಮ್ಮದಿಯಿರಲಿಲ್ಲ. ದಶರೂಪಕವನ್ನು ಬರೆದ ಧನಂಜಯನು ನಾಟ್ಯದಲ್ಲಿ ಶಾಂತಕ್ಕೆ ಎಡೆಯಿಲ್ಲವೆಂದನು. ಶಮವೆಂದರೆ ಸಮಸ್ತ ವ್ಯಾಪಾರಗಳೂ ಅಡಗುವುದು. ವ್ಯಾಪಾರವೇ ಇಲ್ಲವಾದಲ್ಲಿ ನಟನು ಅಭಿನಯಿಸುವುದು ಏನನ್ನು ಎಂಬುದು ಆ ಪಕ್ಷದವರ ಆಕ್ಷೇಪ. ಅಭಿನವಗುಪ್ತನು ಇದಕ್ಕೆ ಸಮಾಧಾನ ಹೇಳಿದ್ದಾನೆ. ಕೊನೆಯ ಮೆಟ್ಟಿಲನ್ನು ರಂಗದ ಮೇಲೆ ತೋರಿಸಲಾಗದೆಂಬುದು ನಿಜ. ಆದರೆ ಆ ದೋಷವು ಉಳಿದ ರಸಗಳಿಗೂ ಸಮಾನ. ಕೊನೆಯ ಮೆಟ್ಟಿಲಿಗೆ ಏರುತ್ತಿರುವವನ ಯತ್ನವನ್ನಾದರೋ ತೋರಿಸಬಹುದಷ್ಟೆ ಎಂಬುದು ಅವನ ಉತ್ತರದ ಸಾರ.

ಕಾಶ್ಮೀರದ ಪಂಡಿತರು ಸಾವಿರ ವರ್ಷಗಳ ಹಿಂದೆ ಚರ್ಚಿಸಿದ ಈ ಪ್ರಶ್ನೆಯು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕಾ ದೇಶದ ನ್ಯೂಯಾರ್ಕ್ ನಗರದಲ್ಲಿ, ಒಬ್ಬ ಸಂಗೀತರಚಕನ ಮನೆಯಲ್ಲಿ ಮತ್ತೊಮ್ಮೆ ತಲೆಯೆತ್ತಿತೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಆ ರಚಕನ ಹೆಸರು ಜಾನ್ ಕೇಜ್. ಅವನು ಧನಂಜಯನನ್ನು ಓದಿದ್ದನೆಂದು ನಾನು ಹೇಳಹೊರಟವನಲ್ಲ. ರಸವೆಂಬ ಮಾತು ಅವನಿಗೆ ಇಂಗ್ಲಿಷ್ ಪುಸ್ತಕಗಳ ಮೂಲಕವೂ, ಶಾಂತಿಯೆಂಬ ಗುರಿಯು ಅಹಮದಾಬಾದಿನ ಒಬ್ಬ ಹೆಣ್ಣುಮಗಳ ಬಾಯಿಂದಲೂ ದೊರೆತವು. ಆದರೂ ಅವನು ಹಿಡಿದ ದಾರಿ ಆ ಹಳೆಯ ವಿವಾದದ ಎರಡು ಪಕ್ಷಗಳನ್ನೂ ಒಂದಾದಮೇಲೊಂದರಂತೆ ಹಾದುಹೋಯಿತು. ಕೇಜನ ಹೆಸರನ್ನು ಕೇಳಿದವರಲ್ಲಿ ಅನೇಕರು ಅವನನ್ನು ಒಂದು ವಿನೋದದ ಕಥೆಯಿಂದ ಮಾತ್ರ ಬಲ್ಲರು: ಪಿಯಾನೋ ವಾದಕನೊಬ್ಬನು ಸಭೆಯ ಮುಂದೆ ಕುಳಿತು ಏನನ್ನೂ ನುಡಿಸದೆ ಎದ್ದುಹೋದನಂತೆ ಎಂಬ ಕಥೆ. ಕಥೆ ಸುಳ್ಳಲ್ಲ. ಆದರೆ ಅದರ ಹಿಂದಿರುವ ಏಳೆಂಟು ವರ್ಷಗಳ ಚರಿತ್ರೆಯನ್ನು ಬಿಟ್ಟು ಅದನ್ನೊಂದನ್ನೇ ಹೇಳಿದರೆ ಹುಚ್ಚನ ಕಥೆಯಾಗುವುದು.

ಕೇಜನು ಹುಟ್ಟಿದ್ದು ೧೯೧೨ರ ಸೆಪ್ಟೆಂಬರ್ ೫ರಂದು, ಲಾಸ್ ಏಂಜಲೀಸ್ ಪಟ್ಟಣದಲ್ಲಿ. ತಂದೆ ಹೊಸ ಯಂತ್ರಗಳನ್ನು ಕಲ್ಪಿಸುವ ಉದ್ಯೋಗದವನು. ಮಗನಿಗೂ ಆ ಗುಣ ಬಂದಿತೆಂದು ತೋರುತ್ತದೆ. ಆ ಊರಿಗೆ ಯೂರೋಪಿನಿಂದ ವಲಸೆ ಬಂದಿದ್ದ ಮಹಾರಚಕ ಷೋನ್‌ಬರ್ಗನ ಬಳಿ ಅವನು ಕೆಲವು ಕಾಲ ಶಿಷ್ಯವೃತ್ತಿ ಮಾಡಿದನು. ಅನೇಕ ಸ್ವರಗಳನ್ನು ಏಕಕಾಲದಲ್ಲಿ ಹೊಂದಿಸಿ ನುಡಿಸುವ ಹಾರ್ಮನಿ ಎಂಬುದೇ ಪಾಶ್ಚಾತ್ಯ ಸಂಗೀತದ ಬೆನ್ನೆಲುಬು. ಶಿಷ್ಯನಿಗೆ ಅದರಲ್ಲಿ ಅಭಿರುಚಿಯೇ ಇಲ್ಲವೆಂದು ಗುರುವಿಗೆ ತೋರಿತು. ಮುಂದೆ ನಿನಗೆ ಗೋಡೆ ಅಡ್ಡ ಬರುವುದೆಂದು ಅವನು ಎಚ್ಚರಿಸಿದನು. ಹಾಗಾದರೆ ಆ ಗೋಡೆಗೆ ತಲೆಯನ್ನು ಚಚ್ಚಿಕೊಳ್ಳುತ್ತಲೇ ಬಾಳುವೆನೆಂದು ಶಿಷ್ಯನು ಉತ್ತರ ಕೊಟ್ಟನಂತೆ. ಹಾರ್ಮನಿಯಿಲ್ಲದ ಸಂಗೀತವನ್ನೇ ಕೇಳಿ ಬೆಳೆದ ನಮಗೆ ಇದು ಅಷ್ಟು ದೊಡ್ಡ ಗೋಡೆಯೆಂದು ತೋರದು. ಆದರೆ ಅವನ ದೇಶದಲ್ಲಿ ಆ ಗೋಡೆಯಿಲ್ಲದೆ ಮನೆಯೇ ಇರಲಿಲ್ಲ.

ಕೇಜನು ಬಡಿಯುವ ವಾದ್ಯಗಳ ಕಡೆಗೆ ತಿರುಗಿದನು. ಸಿಯಾಟಲ್ ನಗರದ ಕಾರ್ನಿಷ್ ಕಲಾಶಾಲೆಯಲ್ಲಿದ್ದಾಗ, ೧೯೪೦ರಲ್ಲಿ, ಸಿವಿಲ್ಲಾ ಫೋರ್ಟ್ ಎಂಬ ನರ್ತಕಿಯ ನೃತ್ಯಕ್ಕೆ ಸಂಗೀತವನ್ನು ಒದಗಿಸಬೇಕಾಯಿತು. ರಂಗವು ಇಕ್ಕಟ್ಟು, ತಾಳವಾದ್ಯಗಳ ತಂಡಕ್ಕೆ ಅಲ್ಲಿ ಸ್ಥಳವಿಲ್ಲ, ಇದ್ದದ್ದು ಒಂದು ಪಿಯಾನೋ. ಅವನು ಅದರ ಮುಚ್ಚಳವನ್ನೆತ್ತಿ ತಂತಿಗಳ ನಡುವೆ ತಿರುಪುಮೊಳೆಗಳನ್ನೂ ಬೋಲ್ಟುಗಳನ್ನೂ ಇಂಥವೇ ಬೇರೆ ಸಣ್ಣ ಪದಾರ್ಥಗಳನ್ನೂ ಸಿಕ್ಕಿಸಿದನು. ಒಡನೆಯೇ ಪಿಯಾನೋ ತನ್ನ ಸಹಜವಾದ ನುಡಿಯನ್ನು ಬಿಟ್ಟು, ಒಂದು ಮನೆಯಲ್ಲಿ ಜಲತರಂಗದಂತೆಯೂ, ಇನ್ನೊಂದರಲ್ಲಿ ಮರದ ಕೊರಡಿನಂತೆಯೂ, ಮತ್ತೊಂದರಲ್ಲಿ ದೂರದ ಗಂಟೆಯಂತೆಯೂ ಮಾತಾಡಿತು. ಸಜ್ಜುಮಾಡಿದ ಪಿಯಾನೋ ಎಂದು ಅದಕ್ಕೆ ಹೆಸರಾಯಿತು. ಇದರ ಧ್ವನಿಮುದ್ರಿಕೆಯನ್ನು ನಾನು ನಮ್ಮ ಊರಿನ ಮೃದಂಗ ವಿದ್ವಾಂಸರೊಬ್ಬರಿಗೆ ಕೇಳಿಸಿದೆನು. ತಂತಿಗೆ ಮೊಳೆಯನ್ನು ಸಿಕ್ಕಿಸುವ ಸಂಗತಿಯನ್ನು ಹೇಳಿದಾಗ ಅವರು ನಗಲಿಲ್ಲ. “ನಾವು ಕಛೇರಿಗೆ ಮುಂಚೆ ಎಡಗಡೆಗೆ ರವೆ ಹಚ್ಚುವುದಿಲ್ಲವೆ? ಅದೂ ಇದೇ ಕೆಲಸ” ಎಂದರು. ಉತ್ತರದೇಶದ ಪಖವಾಜಿಗೂ ಹೀಗೆಯೇ ಗೋಧಿಹಿಟ್ಟಿನ ಕಣಕವನ್ನು ಹಚ್ಚುತ್ತಾರೆ. ಈ ಪಖವಾಜಿನ ಮಾತು ಮುಂದೆ ಬರತಕ್ಕದ್ದು.

ಯುದ್ಧಕಾಲದಲ್ಲಿ ಕೇಜನ ಬಾಳು ಕದಡಿತ್ತು. ದಾಂಪತ್ಯವು ಒಡೆಯುತ್ತಿತ್ತು, ೧೯೪೫ರಲ್ಲಿ ಒಡೆದೇಹೋಯಿತು. ಪ್ರೀತಿಯು ದುಃಖವಾಗಿ ಪರಿಣಮಿಸಿದಾಗ ಮನುಷ್ಯನಿಗೆ ಆಗುವ ಒಂಟಿತನವನ್ನೂ ಭಯವನ್ನೂ ತುಂಬಿ ಅವನು ‘ಅಪಾಯದ ರಾತ್ರಿ’ ಎಂಬ ಅರ್ಥದ ಹೆಸರಿನ ಕೃತಿಯೊಂದನ್ನು ಸಜ್ಜುಮಾಡಿದ ಪಿಯಾನೋವಿಗಾಗಿ ರಚಿಸಿದನು. ಅದು ೧೯೪೪ರ ಮಾತು. ಎದೆಯನ್ನು ಬಿಚ್ಚಿ ಬರೆದ ಆ ಕೃತಿಯನ್ನು ಕೇಳಿ ವಿಮರ್ಶಕನೊಬ್ಬನು, ಇಗರ್ಜಿಯ ಗಂಟೆಗೋಪುರದಲ್ಲಿ ಮರಕುಟಿಗ ಹಕ್ಕಿ ಕುಟ್ಟಿದಂತಿದೆ ಎಂದು ಬರೆದುಬಿಟ್ಟನು. ಹಾಸ್ಯವು ಚೆನ್ನಾಗಿಯೇ ಇದೆ. ಆದರೆ ಅದು ತಗುಲಿದ ಸ್ಥಳವು ಮರ್ಮಸ್ಥಳ. ತಾನು ದುಃಖವನ್ನು ಬರೆದರೆ ಜನರು ನಗುತ್ತಾರೆ. ಒಬ್ಬೊಬ್ಬ ರಚಕನೂ ತನ್ನ ತನ್ನ ಭಾಷೆಯಲ್ಲಿ ಮಾತಾಡುತ್ತಾನೆ, ಇನ್ನೊಬ್ಬನಿಗೆ ಅದು ತಿಳಿಯದು. ಹೀಗಿರಲಾಗಿ ಮನಸ್ಸಿನಲ್ಲಿರುವುದನ್ನು ಇನ್ನೊಬ್ಬರಿಗೆ ಮುಟ್ಟಿಸುವುದೇ ಸಂಗೀತದ ಪ್ರಯೋಜನವೆಂಬ ಮಾತು ಹುಸಿಯಲ್ಲವೆ? ಇದಕ್ಕಿಂತ ಉತ್ತಮವಾದ ಕಾರಣವೊಂದು ದೊರೆಯದಿದ್ದರೆ ಸಂಗೀತರಚನೆಯನ್ನೇ ಬಿಟ್ಟುಬಿಡುವುದೆಂದು ಅವನು ನಿಶ್ಚಯಿಸಿದನು.

ಗೀತಾ ಸಾರಾಭಾಯಿಯವರು ನ್ಯೂಯಾರ್ಕಿಗೆ ಬಂದದ್ದು ಇಂಥ ಕಾಲದಲ್ಲಿ, ೧೯೪೬ರಲ್ಲಿ.

ಅವರು ಅಹಮದಾಬಾದಿನ ಪ್ರಸಿದ್ಧ ಗಿರಣಿಗಳ ಒಡೆಯರಾದ ಅಂಬಾಲಾಲ್ ಸಾರಾಭಾಯಿಯವರ ಮಗಳು, ೧೯೨೨ರಲ್ಲಿ ಜನಿಸಿದವರು. ಸ್ವಾತಂತ್ರ್ಯದ ಚಳುವಳಿಯಲ್ಲಿ ಹೆಸರಾದ ಮೃದುಲಾ ಸಾರಾಭಾಯಿಯವರು ಅವರ ಅಕ್ಕ. ಅಣ್ಣ ವಿಕ್ರಮ ಸಾರಾಭಾಯಿಯವರು ಯುದ್ಧದ ವರ್ಷಗಳಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ಸರ್ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ನಡೆಸಿದವರು. ಮುಂದೆ ಭಾರತದ ಬಾಹ್ಯಾಕಾಶ ಕಾರ್ಯಕ್ಕೆ ತಳಹದಿಯನ್ನು ಹಾಕಿದರು. ಇಂಥ ಮನೆತನದಲ್ಲಿ ಗೀತಾ ಅವರು ಆರಿಸಿಕೊಂಡದ್ದು ಗಾಯನವನ್ನು ಮತ್ತು ಪಖವಾಜನ್ನು. ಹೆಂಗಸರ ಕೈಯಲ್ಲಿ ಪಖವಾಜನ್ನು ಯಾರೂ ಕಾಣದಿದ್ದ ಕಾಲವದು. ಗೋವಿಂದರಾವ್ ಬುರ್ಹಾನ್‌ಪುರಕರರಂಥ ಗುರುಗಳಿಂದ ಅವರು ಅದನ್ನು ಅಭ್ಯಾಸಮಾಡಿದರು. ಅವರು ಅಮೆರಿಕಾಕ್ಕೆ ಹೋದ ಉದ್ದೇಶವು ವಿಚಾರಮಾಡತಕ್ಕದ್ದು. ಪಾಶ್ಚಾತ್ಯ ಸಂಗೀತವು ಭಾರತದ ಸಂಗೀತದ ಮೇಲೆ ಬೀರುತ್ತಿದ್ದ ಪ್ರಭಾವವು ಅವರಿಗೆ ಚಿಂತೆಯನ್ನುಂಟುಮಾಡಿತ್ತು. ಬೈಯುವುದಕ್ಕೆ ಮುಂಚೆ ಅದು ಏನೆಂಬುದನ್ನು ತಿಳಿಯಬೇಕೆಂದು ಅವರು ಸಮುದ್ರ ದಾಟಿದರು. ಬೇಡವೆನ್ನಬೇಕಾದ ವಸ್ತುವನ್ನು ಮೊದಲು ಶ್ರದ್ಧೆಯಿಂದ ಕಲಿತವರು ನಮ್ಮಲ್ಲಿ ಎಷ್ಟು ಮಂದಿ?

ಶಿಲ್ಪಿಯಾದ ಇಸಾಮು ನೊಗುಚಿಯ ಮೂಲಕ ಅವರಿಗೆ ಕೇಜನ ಪರಿಚಯವಾಯಿತು. ಪಾಠದ ಶುಲ್ಕವೇನೆಂಬ ಮಾತು ಬಂದಾಗ ಹಣದ ಪ್ರಸ್ತಾಪವನ್ನು ಬಿಟ್ಟು ವಿದ್ಯೆಗೆ ವಿದ್ಯೆ ಎಂಬ ಒಪ್ಪಂದವಾಯಿತು. ಅವನು ಅವರಿಗೆ ಆಧುನಿಕ ಪಾಶ್ಚಾತ್ಯ ಸಂಗೀತವನ್ನೂ ಕೌಂಟರ್‌ಪಾಯಿಂಟ್ ಎಂಬ ಸ್ವರಯೋಜನೆಯನ್ನೂ ಹೇಳಿಕೊಡಬೇಕು. ಅವರು ಅವನಿಗೆ ಭಾರತೀಯ ಸಂಗೀತವನ್ನು ತಿಳಿಸಬೇಕು. ಸುಮಾರು ಆರು ತಿಂಗಳು, ಹೆಚ್ಚು ಕಡಿಮೆ ಪ್ರತಿದಿನವೂ, ಈ ಪಾಠ ನಡೆಯಿತು. ಕೇಜನಿಗೆ ಆಗ ಮೂವತ್ತನಾಲ್ಕು ವರ್ಷ, ಅವರಿಗೆ ಇಪ್ಪತ್ತನಾಲ್ಕು. ಒಂದು ದಿನ ಅವನು, ನಿಮ್ಮ ದೇಶದಲ್ಲಿ ಸಂಗೀತದ ಪ್ರಯೋಜನವನ್ನು ಏನೆಂದು ಹೇಳುತ್ತಾರೆ ಎಂದು ಕೇಳಿದನು. ಚಿತ್ತವನ್ನು ಶಾಂತಗೊಳಿಸಿ ತಿಳಿಯಾಗಿಸುವುದು, ಹಾಗೆ ಮಾಡಿ ಅದನ್ನು ದೈವಿಕವಾದ ಪ್ರಭಾವಕ್ಕೆ ಪಾತ್ರವಾಗುವಂತೆ ಅಣಿಮಾಡುವುದು ಎಂದು ತಮ್ಮ ಗುರುಗಳು ಹೇಳಿದ್ದನ್ನು ಅವರು ತಿಳಿಸಿದರು. ಹುಡುಕುತ್ತಿದ್ದ ಕಾರಣವು ಕೇಜನಿಗೆ ಸಿಕ್ಕಿತು. ಆ ಮಾತನ್ನು ಅವನು ಎಂದಿಗೂ ತನ್ನದೆಂದು ಹೇಳಿಕೊಳ್ಳಲಿಲ್ಲ. ಮುಪ್ಪಿನವರೆಗೂ ಭಾಷಣಗಳಲ್ಲಿಯೂ ಬರಹಗಳಲ್ಲಿಯೂ ಗೀತಾ ಸಾರಾಭಾಯಿಯವರ ಹೆಸರನ್ನು ಹೇಳಿಯೇ ಹೇಳಿದನು. ಊರಿಗೆ ಹಿಂದಿರುಗುವಾಗ ಅವರು ಅವನಿಗೆ ಶ್ರೀರಾಮಕೃಷ್ಣ ಪರಮಹಂಸರ ವಚನವೇದದ ಇಂಗ್ಲಿಷ್ ಭಾಷಾಂತರವನ್ನು ಕಾಣಿಕೆಯಾಗಿ ಕೊಟ್ಟರು. ಓದಿ ಮುಗಿಸಲು ಅವನಿಗೆ ಒಂದು ವರ್ಷ ಹಿಡಿಯಿತು. ಮನೋವೈದ್ಯರ ಬಳಿಗೆ ಹೋಗುವ ಬದಲು ತನಗೆ ಆ ಓದೇ ಸಾಕಾಯಿತೆಂದು ಅವನು ಹೇಳುತ್ತಿದ್ದನು.

ಇದರಿಂದ ನಾವು ಮೀಸೆಯನ್ನು ತಿರುವಬೇಕಾದ ಕಾರಣವಿಲ್ಲ. ಕೇಜನ ಮಿತ್ರನಾದ ಲೂ ಹ್ಯಾರಿಸನ್ ಎಂಬ ರಚಕನು ಹಳೆಯ ಇಂಗ್ಲಿಷ್ ಸಂಗೀತವನ್ನು ಶೋಧಿಸುತ್ತಿದ್ದಾಗ, ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಸಂಗೀತಗಾರನೊಬ್ಬನು ಬಹುಮಟ್ಟಿಗೆ ಇದೇ ಅಭಿಪ್ರಾಯವನ್ನು ಇವೇ ಮಾತುಗಳಲ್ಲಿ ಬರೆದಿಟ್ಟುದು ಸಿಕ್ಕಿತು. ಕೇಜನಿಗೆ ಅದರಿಂದ ಇಮ್ಮಡಿ ಸಂತೋಷವಾಯಿತು. ಯೂರೋಪು ಮರೆತುದನ್ನು ಭಾರತವು ನೆನಪಿನಲ್ಲಿಟ್ಟುಕೊಂಡಿತ್ತೆಂದು ಅವನು ತಿಳಿದನು. ನಾವು ನಿಜವಾಗಿ ನೆನಪಿನಲ್ಲಿಟ್ಟುಕೊಂಡಿದ್ದೇವೆಯೆ ಎಂಬುದನ್ನು ನಮ್ಮ ಊರಿನ ಉತ್ಸವದ ಕಛೇರಿಗಳಲ್ಲಿ ಧ್ವನಿವರ್ಧಕದ ಎದುರಿಗೆ ಕುಳಿತವರು ಹೇಳಬೇಕು.

ಗುರಿ ಸಿಕ್ಕಿತು, ದಾರಿ ಬೇಕಾಯಿತು. ಅದನ್ನು ತೋರಿಸಿದವರು ಆನಂದ ಕುಮಾರಸ್ವಾಮಿಯವರು. ೧೮೭೭ರಲ್ಲಿ ಕೊಲಂಬೊದಲ್ಲಿ ಹುಟ್ಟಿ, ೧೯೧೭ರಿಂದ ಬಾಸ್ಟನ್ ನಗರದ ಕಲಾಸಂಗ್ರಹಾಲಯದಲ್ಲಿದ್ದು, ೧೯೪೭ರಲ್ಲಿ ತೀರಿಕೊಂಡ ಆ ಮಹನೀಯರ ಗ್ರಂಥಗಳು ನಮ್ಮ ಓದುಗರಿಗೆ ಅಪರಿಚಿತವಲ್ಲ. ೧೯೩೪ರಲ್ಲಿ ಅವರು ಪ್ರಕಟಿಸಿದ, ಕಲೆಯಲ್ಲಿ ಪ್ರಕೃತಿಯು ಹೊಂದುವ ರೂಪಾಂತರವನ್ನು ಕುರಿತ ಗ್ರಂಥದಿಂದ ಕೇಜನು ರಸಸಿದ್ಧಾಂತವನ್ನು ತಿಳಿದನು. ಅವನು ಅರ್ಥಮಾಡಿಕೊಂಡ ಬಗೆ ಹೀಗೆ: ಮನುಷ್ಯನಲ್ಲಿ ಸ್ಥಾಯಿಯಾದ ಭಾವಗಳು ಒಂಬತ್ತು. ಶೃಂಗಾರ, ವೀರ, ಹಾಸ್ಯ, ಅದ್ಭುತ ಎಂಬ ನಾಲ್ಕು ಬಿಳಿಯವು; ಕರುಣ, ರೌದ್ರ, ಭಯಾನಕ, ಬೀಭತ್ಸ ಎಂಬ ನಾಲ್ಕು ಕರಿಯವು; ಇವುಗಳ ನಡುವೆ ಬಣ್ಣವಿಲ್ಲದ ಶಾಂತ. ಎಂಟೂ ಕೊನೆಗೆ ಒಲಿಯುವುದು ನಡುವಿನ ಆ ಒಂದರ ಕಡೆಗೆ. ನಮ್ಮ ಶಾಸ್ತ್ರವನ್ನು ಬಲ್ಲವರು ಇಲ್ಲಿ ತಡೆದು ಆಕ್ಷೇಪಿಸಬಹುದು. ಭರತನ ಮತದಲ್ಲಿ ಶೃಂಗಾರವು ಶ್ಯಾಮವರ್ಣ, ರೌದ್ರವು ಕೆಂಪು, ಅದ್ಭುತವು ಹಳದಿ. ಕರಿದು ಬಿಳಿದೆಂದು ಎರಡೇ ಪಾಲುಮಾಡಿದ್ದು ಅಲ್ಲಿ ಕಾಣದು. ಆಕ್ಷೇಪವು ನ್ಯಾಯವೇ. ಆದರೆ ನಡುವಿನದಕ್ಕೆ ಬಣ್ಣವಿಲ್ಲವೆಂದೂ, ಉಳಿದೆಲ್ಲವೂ ಅದರ ಕಡೆಗೆ ಸಾಗುವುವೆಂದೂ ಅವನು ಹಿಡಿದದ್ದು ಶಾಂತವಾದಿಗಳು ಹೇಳಬಂದುದರ ತಿರುಳಿಗೆ ದೂರವಲ್ಲ. ಮುಖ್ಯವಾದುದೆಂದರೆ, ಇಲ್ಲಿಗೆ ಅವನ ಒಂಟಿತನದ ಸಮಸ್ಯೆ ಬಗೆಹರಿಯಿತು. ನನ್ನ ದುಃಖವನ್ನು ನಿನಗೆ ಹೇಳುತ್ತೇನೆ ಎಂದರೆ ಕೇಳುವವನು ನಗಬಹುದು. ಕರುಣವೆಂಬುದು ನನ್ನದೂ ಅಲ್ಲ, ನಿನ್ನದೂ ಅಲ್ಲ. ಇಬ್ಬರಿಗೂ ಸಾಧಾರಣವಾದದ್ದು ಎಂದಾಗ ಹೇಳುವವನಿಗೂ ಕೇಳುವವನಿಗೂ ನಡುವೆ ಜಗಳಕ್ಕೆ ಎಡೆಯಿಲ್ಲ.

೧೯೪೬ರಿಂದ ೧೯೪೮ರವರೆಗೆ ಅವನು ರಚಿಸಿದ ‘ಸೋನಾಟಾಗಳು ಮತ್ತು ಇಂಟರ್‌ಲ್ಯೂಡುಗಳು’ ಎಂಬ ದೊಡ್ಡ ಕೃತಿಯು ಈ ವಿಚಾರದ ಫಲ. ಹದಿನಾರು ಸೋನಾಟಾಗಳು, ನಡುನಡುವೆ ನಾಲ್ಕು ಇಂಟರ್‌ಲ್ಯೂಡುಗಳು, ಒಟ್ಟು ಇಪ್ಪತ್ತು ತುಣುಕುಗಳು. ಎಲ್ಲವನ್ನೂ ನುಡಿಸಲು ಒಂದು ಗಂಟೆಯ ಮೇಲೆ ಸ್ವಲ್ಪ ಕಾಲ ಹಿಡಿಯುವುದು. ಪಿಯಾನೋವಿನ ೮೮ ಮನೆಗಳಲ್ಲಿ ೪೫ನ್ನು ಸಜ್ಜುಮಾಡಬೇಕು. ತಿರುಪುಗಳು, ಬೋಲ್ಟುಗಳು, ನಟ್ಟುಗಳು, ರಬ್ಬರಿನ ತುಂಡುಗಳು, ಪ್ಲಾಸ್ಟಿಕ್ಕಿನ ಚೂರುಗಳು, ಸೀಸದಕಡ್ಡಿಯ ಗೆರೆಯನ್ನು ಒರಸುವ ಒಂದು ರಬ್ಬರು. ಯಾವುದು ಯಾವ ತಂತಿಯ ನಡುವೆ, ಎಷ್ಟು ದೂರದಲ್ಲಿ ಎಂಬುದನ್ನೆಲ್ಲ ಅವನು ಪಟ್ಟಿಮಾಡಿ ಕೊಟ್ಟಿದ್ದಾನೆ. ಆ ಸಿದ್ಧತೆಗೇ ಎರಡು ಮೂರು ಗಂಟೆ ಬೇಕು. ಮಾರೋ ಅಜೆಮಿಯನ್ ಎಂಬ ವಾದಕಿಗೆ ಕೃತಿಯನ್ನು ಅರ್ಪಿಸಿದನು. ೧೯೪೯ರ ಜನವರಿಯಲ್ಲಿ ಆಕೆ ನ್ಯೂಯಾರ್ಕಿನ ಕಾರ್ನೆಗೀ ಭವನದಲ್ಲಿ ಅದನ್ನು ನುಡಿಸಿದಳು.

ಒಂಬತ್ತು ಭಾವಗಳನ್ನೂ ಅವು ಶಾಂತದ ಕಡೆಗೆ ಸಾಗುವ ಬಗೆಯನ್ನೂ ಈ ಕೃತಿಯಲ್ಲಿ ತೋರಿಸುವುದು ತನ್ನ ಉದ್ದೇಶವೆಂದು ಕೇಜನು ಹೇಳಿದನು. ಆದರೆ ಯಾವ ತುಣುಕು ಯಾವ ಭಾವದ್ದೆಂದು ಎಲ್ಲಿಯೂ ಹೇಳಲಿಲ್ಲ. ಹೇಳದಿದ್ದುದೇ ಲೇಸಾಯಿತು, ಹೇಳಿದ್ದರೆ ಜನರು ಸಂಗೀತವನ್ನು ಬಿಟ್ಟು ಪಟ್ಟಿಯನ್ನು ಹಿಡಿದು ಕೂರುತ್ತಿದ್ದರು. ನಾನು ಅದನ್ನು ಹಲವು ಸಲ ಕೇಳಿದ್ದೇನೆ. ಮೊದಲ ಸಲ ಸದ್ದುಗಳ ವಿಚಿತ್ರವೇ ಮನಸ್ಸನ್ನು ಸೆಳೆದು ಮಿಕ್ಕುದೊಂದೂ ತಿಳಿಯದು. ಎರಡು ಮೂರು ಸಲ ಕೇಳಿದ ಮೇಲೆ ಆ ವಿಚಿತ್ರವು ಅಭ್ಯಾಸವಾಗಿ, ಒಂದು ತುಣುಕಿನಲ್ಲಿ ಸಿಟ್ಟಿನ ತಟ್ಟನೆಯ ಬಡಿತವೂ, ಇನ್ನೊಂದರಲ್ಲಿ ಮಕ್ಕಳಾಟದ ನಗುವೂ, ಮತ್ತೊಂದರಲ್ಲಿ ಹೆಜ್ಜೆಯಿಡಲು ಅಂಜುವವನ ತಡವರಿಕೆಯೂ ಇದ್ದಂತೆ ತೋರುವುವು. ಕೊನೆಕೊನೆಗೆ ಸ್ವರಗಳು ಮೃದುವಾಗುತ್ತ ಬಂದು, ಹದಿನಾರನೆಯ ಸೋನಾಟಾ ತೊಟ್ಟಿಲ ಬಳಿಯ ಆಟಿಕೆಯ ಗಂಟೆಯಷ್ಟೇ ಮೆಲ್ಲಗೆ ನುಡಿಯುವುದು. ಇದಕ್ಕಿಂತ ಹೆಚ್ಚಾಗಿ ಹೇಳಿದರೆ ನನ್ನ ಕಲ್ಪನೆಯನ್ನು ಕೇಜನ ತಲೆಯ ಮೇಲೆ ಹೊರಿಸಿದಂತಾಗುವುದು.

ಇಲ್ಲಿ ತಾಳದ ವಿಷಯವನ್ನೂ ಒಂದಿಷ್ಟು ಹೇಳಬೇಕು. ಕೇಜನು ೧೯೪೮ರಲ್ಲಿ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಮಾಡಿದ ಒಂದು ಭಾಷಣದಲ್ಲಿ ದೊಡ್ಡದೊಂದು ಜಗಳವನ್ನೇ ಎಬ್ಬಿಸಿದನು. ಶಬ್ದಕ್ಕೆ ಶ್ರುತಿ, ಬಣ್ಣ, ಬಲ, ಕಾಲ ಎಂಬ ನಾಲ್ಕು ಲಕ್ಷಣಗಳುಂಟು. ನಿಃಶಬ್ದಕ್ಕೆ ಕಾಲವೊಂದೇ ಲಕ್ಷಣ. ಸಂಗೀತವು ಶಬ್ದ ನಿಃಶಬ್ದಗಳೆರಡರಿಂದಲೂ ಆಗುವುದಾದ ಕಾರಣ, ಎರಡಕ್ಕೂ ಸಾಧಾರಣವಾದ ಕಾಲವೇ ಅದರ ಕಟ್ಟಡಕ್ಕೆ ತಳಹದಿಯಾಗಬೇಕು. ಹಾರ್ಮನಿಯನ್ನು ತಳಹದಿ ಮಾಡಿದ ಬೀತೋವನನು ತಪ್ಪಿದನು ಎಂಬುದು ಅವನ ವಾದ. ಬೀತೋವನನ ದೂಷಣೆಯನ್ನು ನಾನು ಒಪ್ಪಲಾರೆ. ಆದರೆ ವಾದದ ಮೊದಲ ಭಾಗವನ್ನು ನಮ್ಮ ತಾಳದ ಪಾಠದಲ್ಲಿ ಕೈಹಾಕಿ ಎಣಿಸಿದ ಹುಡುಗನೂ ಒಪ್ಪುವನು. ಘಾತವು ಹೇಗೆ ಲೆಕ್ಕವೋ, ಅಂಗೈಯನ್ನು ಸದ್ದಿಲ್ಲದೆ ಹೊರಳಿಸುವ ವಿಸರ್ಜಿತವೂ ಹಾಗೆಯೇ ಲೆಕ್ಕ.

ಅದೇ ಕಾಲದ ಇನ್ನು ಕೆಲವು ಕೃತಿಗಳಲ್ಲಿಯೂ ಭಾರತದ ನೆರಳುಂಟು. ೧೯೪೭ರಲ್ಲಿ ಮರ್ಸ್ ಕನಿಂಗ್‌ಹ್ಯಾಮನ ನೃತ್ಯಕ್ಕಾಗಿ ರಚಿಸಿದ ‘ಋತುಗಳು’ ಎಂಬುದರಲ್ಲಿ ವಸಂತವು ಸೃಷ್ಟಿ, ಬೇಸಗೆಯು ಸ್ಥಿತಿ, ಶರತ್ತು ಲಯ, ಚಳಿಗಾಲವು ಉಪಶಮನ. ೧೯೫೦ರಲ್ಲಿ ಮುಗಿದ ತಂತೀವಾದ್ಯಗಳ ಚತುಷ್ಟಯದಲ್ಲಿಯೂ ಇದೇ ಯೋಜನೆ; ಅದರ ಚಳಿಗಾಲದ ಭಾಗವು ಬಹುಮಟ್ಟಿಗೆ ನಿಂತೇ ಇರುವಂತೆ ನಡೆಯುವುದು. ೧೯೫೧ರ ‘ಹದಿನಾರು ನೃತ್ಯಗಳು’ ಮತ್ತೆ ನವರಸಗಳನ್ನು ಕುರಿತದ್ದು. ಶಾಂತವು ಅಲ್ಲಿ ಕೊನೆಗೆ ಬರುವುದು. ನೃತ್ಯವೊಂದು ಶಾಂತಕ್ಕೆ ಬಾಗಿಲಾಗುವುದನ್ನು ಪಂಪನು ೯೪೧ರಲ್ಲಿಯೇ ಆದಿಪುರಾಣದ ನೀಲಾಂಜನೆಯ ಪ್ರಸಂಗದಲ್ಲಿ ಕಾಣಿಸಿದ್ದಾನೆ. ಅಲ್ಲಿ ವೈರಾಗ್ಯವು ಹುಟ್ಟುವುದು ಕುಣಿಯುತ್ತಿದ್ದವಳು ನಡುವೆಯೇ ಮಾಯವಾದುದರಿಂದ. ಕೇಜನ ಮುಂದಿನ ಹೆಜ್ಜೆಯನ್ನು ನೋಡುವಾಗ ನನಗೆ ಆ ಪ್ರಸಂಗವು ನೆನಪಿಗೆ ಬಾರದಿರುವುದಿಲ್ಲ.

ಏಕೆಂದರೆ ಸೋನಾಟಾಗಳು ಮುಗಿಯುತ್ತಿದ್ದ ಆ ದಿನಗಳಲ್ಲಿಯೇ, ೧೯೪೮ರ ಫೆಬ್ರವರಿಯಲ್ಲಿ, ವಾಸರ್ ಕಾಲೇಜಿನಲ್ಲಿ ಮಾತಾಡುತ್ತ ಅವನು ತನ್ನ ಹೊಸದೊಂದು ಬಯಕೆಯನ್ನು ಹೇಳಿದನು. ಹೋಟೆಲುಗಳಿಗೂ ಕಾರ್ಖಾನೆಗಳಿಗೂ ತಂತಿಯ ಮೂಲಕ ಹಿನ್ನೆಲೆಯ ಸಂಗೀತವನ್ನು ಮಾರುತ್ತಿದ್ದ ಮ್ಯೂಜ್ಯಾಕ್ ಎಂಬ ಕಂಪೆನಿಗೆ ತಾನು ಅಖಂಡವಾದ ನಿಃಶಬ್ದದ ಒಂದು ತುಣುಕನ್ನು ಬರೆದು ಮಾರಬೇಕು. ಅದರ ಉದ್ದ ಮೂರು ಅಥವಾ ನಾಲ್ಕೂವರೆ ನಿಮಿಷ. ಹೆಸರು ‘ಮೂಕ ಪ್ರಾರ್ಥನೆ’ ಎಂಬ ಅರ್ಥದ್ದು. ಈ ದಿನಾಂಕಕ್ಕೆ ಚರಿತ್ರೆಯಲ್ಲಿ ಬೆಲೆಯುಂಟು. ಕೇಜನ ನಿಃಶಬ್ದವೆಲ್ಲವೂ ಜಪಾನಿನ ಜೆನ್ ಬೌದ್ಧರಿಂದ ಬಂದಿತೆಂದು ಹೇಳುವುದು ರೂಢಿಯಾಗಿದೆ. ಜೆನ್ ಮತವನ್ನು ಬೋಧಿಸಿದ ಡಿ. ಟಿ. ಸುಜುಕಿಯವರ ಉಪನ್ಯಾಸಗಳನ್ನು ಅವನು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೇಳಿದ್ದೂ, ಅವುಗಳ ಋಣವನ್ನು ಧಾರಾಳವಾಗಿ ಒಪ್ಪಿಕೊಂಡದ್ದೂ ನಿಜ. ಆದರೆ ಸುಜುಕಿಯವರು ಅಲ್ಲಿ ಪಾಠ ಹೇಳತೊಡಗಿದ್ದು ೧೯೫೦ರಿಂದ ಈಚೆಗೆ. ಪ್ರಾರ್ಥನೆಯೆಂಬ ಹೆಸರನ್ನು ಹೊತ್ತ ಆ ಮೂಕ ತುಣುಕನ್ನು ಕೇಜನು ಕಲ್ಪಿಸಿಕೊಂಡಾಗ ಅವನ ಮೇಜಿನ ಮೇಲೆ ಇದ್ದದ್ದು ರಾಮಕೃಷ್ಣರೂ ಕುಮಾರಸ್ವಾಮಿಯವರೂ. ಮರವು ಬೆಳೆದ ಮೇಲೆ ನೀರೆರೆದವರನ್ನು ಹೊಗಳುವುದು ಸರಿಯೇ. ಬೀಜವನ್ನು ಕೊಟ್ಟವರನ್ನು ಪಟ್ಟಿಯಿಂದ ಬಿಡಬಾರದು.

೧೯೫೧ರಲ್ಲಿ ಅವನು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿ, ಪ್ರತಿಧ್ವನಿಯೇ ಹುಟ್ಟದಂತೆ ಕಟ್ಟಿದ ಕೋಣೆಯೊಂದರಲ್ಲಿ ಕುಳಿತನು. ಪೂರ್ಣವಾದ ನಿಃಶಬ್ದವನ್ನು ಕೇಳಬೇಕೆಂಬುದು ಆಸೆ. ಕೇಳಿದ್ದು ಎರಡು ಸದ್ದು. ಒಂದು ತಾರ, ಒಂದು ಮಂದ್ರ. ಮಂದ್ರವು ನಿನ್ನ ರಕ್ತದ ಸಂಚಾರ, ತಾರವು ನರಗಳ ಕೆಲಸ ಎಂದು ಅಲ್ಲಿನ ತಂತ್ರಜ್ಞನು ತಿಳಿಸಿದನಂತೆ. ನರಗಳ ಮಾತನ್ನು ಶರೀರಶಾಸ್ತ್ರಜ್ಞರು ಒಪ್ಪುವುದು ಕಷ್ಟ, ಅದು ಹೇಗಾದರಿರಲಿ. ನಮ್ಮವರಲ್ಲಿ ಕೆಲವರು ಇದನ್ನೇ ಅನಾಹತನಾದವೆಂದು ಹಿಗ್ಗುವುದುಂಟು. ರಕ್ತವು ನಾಳಕ್ಕೆ ತಾಗಿ ಆಗುವ ಸದ್ದು ಆಹತವೇ ಸರಿ. ಕೇಜನು ತೆಗೆದ ತೀರ್ಮಾನವು ಇದಕ್ಕಿಂತ ಸರಳ: ಬದುಕಿರುವ ಮನುಷ್ಯನಿಗೆ ನಿಃಶಬ್ದವೆಂಬುದೇ ಇಲ್ಲ, ನಾವು ನಿಃಶಬ್ದವೆನ್ನುವುದು ನಾವು ಉದ್ದೇಶಿಸದ ಶಬ್ದಗಳನ್ನು.

ಮರುವರ್ಷ, ೧೯೫೨ರ ಆಗಸ್ಟ್ ೨೯ರಂದು, ನ್ಯೂಯಾರ್ಕ್ ಸಂಸ್ಥಾನದ ವುಡ್‌ಸ್ಟಾಕ್ ಎಂಬಲ್ಲಿ ‘೪ ನಿಮಿಷ ೩೩ ಸೆಕೆಂಡು’ ಎಂಬ ಕೃತಿಯ ಮೊದಲ ಪ್ರದರ್ಶನವಾಯಿತು. ಮ್ಯಾವರಿಕ್ ಎಂಬ ಆ ಸಭಾಮಂದಿರವು ಮರದಿಂದ ಕಟ್ಟಿದ್ದು. ಹಿಂಭಾಗವು ಕಾಡಿಗೆ ತೆರೆದಿರುವುದು. ಡೇವಿಡ್ ಟ್ಯೂಡರ್ ಎಂಬ ವಾದಕನು ಬಂದು ಪಿಯಾನೋವಿನ ಮುಂದೆ ಕುಳಿತು, ಮನೆಗಳ ಮೇಲಿನ ಮುಚ್ಚಳವನ್ನು ಮುಚ್ಚಿದನು. ಗಡಿಯಾರವನ್ನು ನೋಡುತ್ತ ಕುಳಿತನು. ಮೂರು ಭಾಗಗಳಿದ್ದುದರಿಂದ ಒಂದೊಂದು ಭಾಗವು ಮುಗಿದಾಗಲೂ ಮುಚ್ಚಳವನ್ನು ತೆರೆದು, ಇನ್ನೊಂದು ತೊಡಗುವಾಗ ಮತ್ತೆ ಮುಚ್ಚಿದನು. ಒಂದು ಸ್ವರವನ್ನೂ ನುಡಿಸಲಿಲ್ಲ. ಮೊದಲ ಭಾಗದಲ್ಲಿ ಹೊರಗಿನ ಮರಗಳಲ್ಲಿ ಗಾಳಿ ಬೀಸುತ್ತಿತ್ತೆಂದೂ, ಎರಡನೆಯದರಲ್ಲಿ ಮಾಡಿನ ಮೇಲೆ ಮಳೆಹನಿ ತಟ್ಟಿತೆಂದೂ, ಮೂರನೆಯದರಲ್ಲಿ ಜನರೇ ಗೊಣಗುತ್ತ ಎದ್ದುಹೋಗುವ ಸದ್ದು ಕೇಳಿತೆಂದೂ ಕೇಜನು ಆಮೇಲೆ ನೆನೆದು ಹೇಳುತ್ತಿದ್ದನು. ಜನರಿಗೆ ಸಿಟ್ಟು ಬಂದಿತ್ತು. ಅವನ ಸ್ನೇಹಿತರಲ್ಲಿಯೂ ಕೆಲವರು ಮನಸ್ಸು ಕೆಡಿಸಿಕೊಂಡರು.

ಧನಂಜಯನ ಆಕ್ಷೇಪವನ್ನು ವಾಚಕರು ಈಗ ನೆನಪಿಗೆ 
ತಂದುಕೊಳ್ಳಬೇಕು. ಸಮಸ್ತ ವ್ಯಾಪಾರಗಳೂ ಅಡಗಿದ ಮೇಲೆ ರಂಗದ ಮೇಲಿರುವವನು ಮಾಡುವುದೇನು? ಏನನ್ನೂ ಮಾಡದೆ ಕುಳಿತಿರುವುದು ಎಂದು ಟ್ಯೂಡರನು ಮಾಡಿಯೇ ತೋರಿಸಿದನು. ಸೋನಾಟಾಗಳು ಅಭಿನವಗುಪ್ತನು ಹೇಳಿದ ದಾರಿ. ಅಲ್ಲಿ ಏರುವವನ ಯತ್ನವಿದೆ, ಎಂಟು ಭಾವಗಳ ಸೆಳೆತವಿದೆ, ಮೆಟ್ಟಿಲುಗಳಿವೆ. ೧೯೫೨ರ ಕೃತಿಯಲ್ಲಿ ಮೆಟ್ಟಿಲಿಲ್ಲ. ಕೇಳುವವನನ್ನು ಎತ್ತಿ ಒಮ್ಮೆಲೆ ಕೊನೆಯ ಮೆಟ್ಟಿಲಿನ ಮೇಲೆ ನಿಲ್ಲಿಸಿದಂತಾಯಿತು. ನಿಂತವರಿಗೆ ತಲೆ ತಿರುಗಿದರೆ ತಪ್ಪು ಅವರೊಬ್ಬರದೇ ಎನ್ನಲಾಗದು. ವಿಭಾವಾದಿಗಳ ನೆರವಿಲ್ಲದೆ ರಸವು ಹುಟ್ಟದೆಂಬ ನಮ್ಮವರ ಮಾತು ಬರಿಯ ಶಾಸ್ತ್ರವಲ್ಲ, ಅನುಭವ. ತಂಬೂರಿಯ ಶ್ರುತಿಯಲ್ಲಿ ಮನಸ್ಸು ನೆಲೆಸಿದ ಮೇಲೆ ಆಲಾಪನೆಯ ನಡುವೆ ಬರುವ ನಿಲುಗಡೆಯು ತುಂಬಿರುತ್ತದೆ. ಪೇಟೆಯಿಂದ ಆಗತಾನೆ ಬಂದವನಿಗೆ ಅದೇ ನಿಲುಗಡೆಯು ಬರಿದು. ಆದುದರಿಂದ ಕೀರ್ತಿಯು ಆ ನಾಲ್ಕೂವರೆ ನಿಮಿಷಗಳಿಗೆ ಹೋದರೂ ಹಿರಿದಾದ ಕೃತಿಯು ಸೋನಾಟಾಗಳೇ ಎಂಬುದು ನನ್ನ ಮತ. ಕೇಜನು ಇದನ್ನು ಒಪ್ಪುತ್ತಿರಲಿಲ್ಲ. ತನ್ನ ಕೃತಿಗಳಲ್ಲೆಲ್ಲ ತನಗೆ ಮುಖ್ಯವಾದುದು ಆ ಮೂಕ ತುಣುಕೇ ಎಂದು ಅವನು ಹೇಳುತ್ತಿದ್ದನು.

೧೯೫೧ರಿಂದಲೇ ಅವನು ಇನ್ನೊಂದು ದಾರಿಯನ್ನೂ ಹಿಡಿದಿದ್ದನು. ಚೀನೀಯರ ಯಿ ಜಿಂಗ್ ಎಂಬ ಶಕುನಗ್ರಂಥವನ್ನು ಮುಂದಿಟ್ಟುಕೊಂಡು ನಾಣ್ಯಗಳನ್ನು ಚಿಮ್ಮಿ, ಬಿದ್ದಂತೆ ಸ್ವರಗಳನ್ನು ಆರಿಸತೊಡಗಿದನು. ತನ್ನ ಇಷ್ಟಾನಿಷ್ಟಗಳನ್ನು ಸಂಗೀತದಿಂದ ದೂರವಿಡುವುದಕ್ಕೆ ಅವನು ಕಂಡ ಉಪಾಯ ಅದು. ಅಲ್ಲಿಂದ ಮುಂದೆ ಭಾವಗಳೂ ರಸಗಳೂ ಅವನ ಬರಹದಲ್ಲಿ ಹಿಂದೆ ಸರಿದವು; ಮನಸ್ಸನ್ನು ಶಾಂತಗೊಳಿಸುವ ಮಾತು ಮಾತ್ರ ಉಳಿಯಿತು.

ಗೀತಾ ಸಾರಾಭಾಯಿಯವರು ಅಹಮದಾಬಾದಿಗೆ ಹಿಂದಿರುಗಿ ೧೯೪೯ರಲ್ಲಿ ಸಂಗೀತ ಕೇಂದ್ರವೆಂಬ ಸಂಸ್ಥೆಯನ್ನು ತೊಡಗಿಸಿ, ನಮ್ಮ ಶಾಸ್ತ್ರೀಯ ಮತ್ತು ಜಾನಪದ ಸಂಗೀತಗಳನ್ನು ಸಂಗ್ರಹಿಸುವ ಕೆಲಸದಲ್ಲಿ ನಿಂತರು. ಕಾಪಾಡುವುದಕ್ಕೆಂದು ಕಲಿಯಹೋದವರು ಕಾಪಾಡುವ ಕೆಲಸವನ್ನೇ ಮಾಡಿದರು. ೧೯೬೪ರಲ್ಲಿ ಕನಿಂಗ್‌ಹ್ಯಾಮನ ನೃತ್ಯತಂಡವು ಪ್ರಪಂಚವನ್ನು ಸುತ್ತಿದಾಗ ಕೇಜನೂ ಜೊತೆಯಲ್ಲಿ ಬಂದು ಅಹಮದಾಬಾದಿನಲ್ಲಿ ಆ ಮನೆಯವರ ಆತಿಥ್ಯವನ್ನು ಪಡೆದನು. ೧೯೬೯ರಲ್ಲಿ ಟ್ಯೂಡರನು ಅದೇ ಊರಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ವಿದ್ಯುತ್‌ಸಂಗೀತದ ಯಂತ್ರಶಾಲೆಯನ್ನು ಅಣಿಮಾಡಿಕೊಟ್ಟನು. ಮೌನವನ್ನು ನುಡಿಸಿದ ಕೈಯೇ ಆ ಯಂತ್ರವನ್ನೂ ಜೋಡಿಸಿತೆಂಬುದು ವಿಚಿತ್ರವೆನ್ನಬೇಕು. ಗೀತಾ ಅವರು ೨೦೧೧ರಲ್ಲಿ ತೀರಿಕೊಂಡರು.

ಕೇಜನು ಅವರಿಗಿಂತ ಹತ್ತೊಂಬತ್ತು ವರ್ಷ ಮುಂಚೆಯೇ, ೧೯೯೨ರ ಆಗಸ್ಟ್ ೧೨ರಂದು, ನ್ಯೂಯಾರ್ಕಿನಲ್ಲಿ ಕಾಲವಾಗಿದ್ದನು. ಕೊನೆಯ ವರ್ಷಗಳಲ್ಲಿ ಅವನ ವಾಸವು ಆ ನಗರದ ಆರನೆಯ ಅವೆನ್ಯೂವಿನ ಮೇಲಣ ಮಹಡಿಯಲ್ಲಿ. ಕೆಳಗೆ ಹಗಲಿರುಳೂ ಮೋಟಾರು ಬಂಡಿಗಳ ಗದ್ದಲ. ಬಂದವರು ಕನಿಕರದಿಂದ ವಿಚಾರಿಸಿದರೆ, ಆ ಸದ್ದು ತನಗೆ ಇಷ್ಟವೆಂದೂ, ಅದು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲವೆಂದೂ ಹೇಳಿ ನಗುತ್ತಿದ್ದನು.